ತೋಟದ ಮೋಟಾರಿಗೆ ಎಂಕ್ಯೂಟಿಟಿಯೇ ಸರಿ: ಟಿಸಿಪಿ, ಯುಡಿಪಿ, ಕ್ವಿಕ್ ಹೋಲಿಕೆ

ಬೋರ್‌ವೆಲ್ ಮೋಟಾರನ್ನು ಕ್ಲೌಡ್ ಮೂಲಕ ಆನ್ ಆಫ್ ಮಾಡುವುದಕ್ಕೆ ನನ್ನ ಓಟು ಎಂಕ್ಯೂಟಿಟಿಗೆ (ಸಾಧನಗಳು ಚಿಕ್ಕ ಸಂದೇಶ ಕಳಿಸಿಕೊಳ್ಳುವ ಪ್ರೊಟೊಕಾಲ್, ಅಂದರೆ ಮಾತಿನ ನಿಯಮ), ಅಂದರೆ ಅದರ ಕೆಳಗಿರುವ ಟಿಸಿಪಿಗೆ (ತಲುಪಿತೇ ಎಂದು ನೋಡಿಕೊಳ್ಳುವ ಇಂಟರ್ನೆಟ್ ಸಾಗಣೆ ವಿಧಾನ). ಯುಡಿಪಿ (ಕಳಿಸಿ ಸುಮ್ಮನಾಗುವ, ತಲುಪಿತೇ ಎಂದು ನೋಡದ ವಿಧಾನ) ಮೇಲೆ ಓಡುವ ಕೋಆಪ್ (ಚಿಕ್ಕ ಸಾಧನಗಳಿಗೆಂದೇ ಮಾಡಿದ ಹಗುರ ಪ್ರೊಟೊಕಾಲ್) ಕೂಡ ಇಷ್ಟವಾಯಿತು. ಆದರೆ ಮೊಬೈಲ್ ಸಿಮ್ ಮೇಲೆ ಅದು ನಿಲ್ಲಲಿಲ್ಲ.

ಇದೆಲ್ಲ ಶುರುವಾಗಿದ್ದು ದುಡ್ಡು ಕೊಟ್ಟು ತಂದ ಒಂದು ರೆಡಿಮೇಡ್ ಮೊಬೈಲ್ ಸ್ಟಾರ್ಟರ್‌ನಿಂದ. ತೋಟ ತಿಪಟೂರಿನ ಹತ್ತಿರ, ನಾನಿರುವುದು ಬೆಂಗಳೂರಿನಲ್ಲಿ. ಒಂದು ರಾತ್ರಿ ತ್ರೀಫೇಸ್ ಬಂದಿದೆ ಅಂತ ಆಪ್‌ನಲ್ಲಿ ಆನ್ ಒತ್ತಿದೆ. ಏನೂ ಆಗಲಿಲ್ಲ, ತೋಟದಲ್ಲಿ ಸಿಗ್ನಲ್ ಹೋಗಿತ್ತು. ಅಪ್ಪ ಟಾರ್ಚ್ ಹಿಡಿದು ಹೋಗಿ ಕೈಯಲ್ಲೇ ಸ್ಟಾರ್ಟ್ ಮಾಡಿದರು. ತೊಟ್ಟಿ ತುಂಬಿದ ಮೇಲೆ ಆಫ್ ಮಾಡಿ ಮನೆಗೆ ಬಂದು ಮಲಗಿದರು. ಆಮೇಲೆ ಸಿಗ್ನಲ್ ವಾಪಸ್ ಬಂತು. ಸರ್ವರಿನಲ್ಲಿ ಕಾದು ಕೂತಿದ್ದ ನನ್ನ ಹಳೇ ಆನ್ ಆಗ ಹೋಗಿ ತಲುಪಿತು, ಮೋಟಾರ್ ಓಡಿತು. ಬೆಳಗ್ಗೆ ತೆಂಗಿನ ಬುಡದಲ್ಲೆಲ್ಲ ಕೆಸರು. ನೀರು ಹೋದರೆ ಹೋಗಲಿ, ಆ ಹೊತ್ತಿನಲ್ಲಿ ಯಾರಾದರೂ ಕೇಬಲ್ ಬಿಚ್ಚಿಕೊಂಡು ರಿಪೇರಿ ಮಾಡುತ್ತಿದ್ದರೆ ಏನು ಗತಿ?

ತಲುಪಿಸಲೇಬೇಕು ಎಂಬ ಹಟ ಟಿಸಿಪಿಯ ಹುಟ್ಟುಗುಣ. ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತದೆ, ಪ್ರತಿ ಸಲ ಕಾಯುವ ಹೊತ್ತನ್ನು ಹೆಚ್ಚಿಸುತ್ತ ಹೋಗುತ್ತದೆ. ಲಿನಕ್ಸ್ ಸರ್ವರಿನಲ್ಲಿ ಸೆಟ್ಟಿಂಗ್ ಮುಟ್ಟದಿದ್ದರೆ ಸುಮಾರು 15 ನಿಮಿಷ ಬಿಡುವುದಿಲ್ಲ. ಅದರ ಮೇಲೆ ಆಪ್‌ನವರ ಕ್ಯೂ ಬೇರೆ ಇದ್ದರೆ ಗಂಟೆಗಟ್ಟಲೆ. ಫೋಟೋ ಕಳಿಸುವುದಕ್ಕೆ ಇದು ಒಳ್ಳೆಯದು. ಮೋಟಾರಿಗೆ ಹಳೇ ಆರ್ಡರ್ ತಲುಪದಿರುವುದೇ ವಾಸಿ, ಅಲ್ವಾ?

ಅದಕ್ಕೇ ಮೊದಲು ಕೋಆಪ್ ಕಡೆ ವಾಲಿದೆ. ಇಎಸ್‌ಪಿ32 ಎಂಬ ಚಿಕ್ಕ ಚಿಪ್ಪಿನ ಬೋರ್ಡು, ಒಂದು 4ಜಿ ಮಾಡ್ಯೂಲ್, ರಿಲೇ, ಒಂದು ಪೆಟ್ಟಿಗೆಯಲ್ಲಿ ಇಷ್ಟೇ ಸಾಮಾನು. ಕೋಆಪ್ ಹೆಡರ್, ಅಂದರೆ ಪ್ರತಿ ಸಂದೇಶದ ತಲೆಬರಹ, 4 ಬೈಟ್. ಉತ್ತರ ಬೇಕು ಅಂತ ಕೇಳಿದರೂ 4 ಸಲ ಮರುಕಳಿಸುವುದು ಹೆಚ್ಚೆಂದರೆ 45 ಸೆಕೆಂಡಿನೊಳಗೆ ಮುಗಿಯುತ್ತದೆ, ಆಮೇಲೆ ಸ್ವಲ್ಪ ಕಾದು ಕೈಬಿಡುತ್ತದೆ. ನನಗೆ ಬೇಕಾಗಿದ್ದುದೇ ಅದು.

ಅಡ್ಡ ಬಂದಿದ್ದು ನ್ಯಾಟ್. ಮೊಬೈಲ್ ಕಂಪನಿಗಳು ಸಾವಿರಾರು ಸಿಮ್‌ಗಳನ್ನು ಒಂದೇ ಐಪಿ ಹಿಂದೆ ಕೂರಿಸಿರುತ್ತವೆ. ತೋಟದ ಪೆಟ್ಟಿಗೆ ಹೊರಗಿನ ಸರ್ವರಿನ ಜತೆ ಮಾತಾಡಿದಾಗ ಮಾತ್ರ ಒಂದು ದಾರಿ ತೆರೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮುಚ್ಚಿಹೋಗುತ್ತದೆ. ಯುಡಿಪಿ ದಾರಿಯನ್ನು ಕನಿಷ್ಠ 2 ನಿಮಿಷ ಇಟ್ಟಿರಬೇಕು, ಟಿಸಿಪಿಯದನ್ನು 2 ಗಂಟೆಗೂ ಜಾಸ್ತಿ ಇಟ್ಟಿರಬೇಕು ಎಂದು ಇಂಟರ್ನೆಟ್ ಮಾನದಂಡ ರೂಪಿಸುವ ಐಇಟಿಎಫ್ ಸಂಸ್ಥೆಯ ಶಿಫಾರಸು ಇದೆ. ನನ್ನ ಸಿಮ್‌ನಲ್ಲಿ ಯುಡಿಪಿಗೆ ಆ 2 ನಿಮಿಷವೂ ಸಿಗಲಿಲ್ಲ. ದಾರಿ ಮುಚ್ಚಿದ್ದು ಪೆಟ್ಟಿಗೆಗೂ ಗೊತ್ತಾಗುವುದಿಲ್ಲ, ಸರ್ವರಿಗೂ ಗೊತ್ತಾಗುವುದಿಲ್ಲ. ಆಫ್ ಒತ್ತುತ್ತೇನೆ, ಮೋಟಾರ್ ಓಡುತ್ತಲೇ ಇರುತ್ತದೆ. ಅರ್ಧರ್ಧ ನಿಮಿಷಕ್ಕೊಮ್ಮೆ ಸುಮ್ನೆ ಒಂದು ಪ್ಯಾಕೆಟ್ ಕಳಿಸುತ್ತಿದ್ದರೆ ನಡೆಯುತ್ತದೆ ನಿಜ. ಹಾಗೆ ಮಾಡಿದರೆ ಹಗುರ ಪ್ರೊಟೊಕಾಲ್ ತಂದ ಲಾಭ ಅಲ್ಲೇ ಕರಗುತ್ತದೆ.

ವೆಬ್ ಪುಟಗಳು ಬಳಸುವ ಎಚ್‌ಟಿಟಿಪಿಯಲ್ಲಿ ಪದೇಪದೇ ಹೋಗಿ ಕೇಳುವ ಪದ್ಧತಿ ಡೇಟಾ ತಿನ್ನುತ್ತದೆ, ತಡವೂ ಹೌದು.

ಕ್ವಿಕ್ ವಿಚಾರವೇ ಬೇರೆ. 2021ರಲ್ಲಿ ಆರ್‌ಎಫ್‌ಸಿ 9000 ಎಂಬ ಮಾನದಂಡವಾಗಿ ಬಂದ ಈ ಸಾಗಣೆ ವಿಧಾನ ಯುಡಿಪಿ ಮೇಲೆ ಓಡುತ್ತದೆ. ಗುರುತು ಐಪಿಯದಲ್ಲ, ಕನೆಕ್ಷನ್ ಐಡಿಯದು. ಹಾಗಾಗಿ ಐಪಿ ಬದಲಾದರೂ ಸಂಪರ್ಕ ಕಡಿಯುವುದಿಲ್ಲ. ಒಂದೇ ಸಂಪರ್ಕದೊಳಗೆ ಹಲವು ಸ್ಟ್ರೀಮ್, ಅಂದರೆ ಬೇರೆಬೇರೆ ಹರಿವುಗಳು ಇರುತ್ತವೆ; ಒಂದು ಸ್ಟ್ರೀಮ್‌ನ ಪ್ಯಾಕೆಟ್ ಕಳೆದರೆ ಇನ್ನೊಂದು ಸ್ಟ್ರೀಮ್ ಕಾಯಬೇಕಿಲ್ಲ. ಲ್ಯಾಪ್‌ಟಾಪ್‌ನಿಂದ ಓಡಿಸಿದಾಗ ತುಂಬ ಹಿಡಿಸಿತು. ಆದರೆ ಚಿಕ್ಕ ಚಿಪ್‌ಗೆ ಹೊರೆ ಜಾಸ್ತಿ, ನನ್ನ ಬಜೆಟ್ಟಿನ ಬೋರ್ಡಿನಲ್ಲಿ ಅದನ್ನು ಸಲೀಸಾಗಿ ಓಡಿಸಲು ಆಗಲಿಲ್ಲ.

ಎಂಕ್ಯೂಟಿಟಿ ಹುಟ್ಟಿದ್ದೇ ಇಂಥ ಕೆಲಸಕ್ಕೆ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅದನ್ನು ರೂಪಿಸಿದ್ದು ಸ್ಯಾಟಲೈಟ್ ಲಿಂಕ್ ಮೇಲೆ ತೈಲದ ಪೈಪ್‌ಲೈನ್ ನೋಡಿಕೊಳ್ಳಲು. ಸಂಪರ್ಕ ಜೀವಂತವಾಗಿದೆಯಾ ಎಂದು ಕೇಳುವ ಪಿಂಗ್ 2 ಬೈಟ್ ಅಷ್ಟೇ. ಕೀಪ್ ಅಲೈವ್, ಅಂದರೆ ಪೆಟ್ಟಿಗೆ ಹೆಚ್ಚೆಂದರೆ ಸುಮ್ಮನಿರಬಹುದಾದ ಹೊತ್ತು, 60 ಸೆಕೆಂಡ್ ಇಟ್ಟಿದ್ದೇನೆ. ಅದರ ಒಂದೂವರೆ ಪಟ್ಟು, ಅಂದರೆ 90 ಸೆಕೆಂಡ್ ಸದ್ದಿಲ್ಲದಿದ್ದರೆ ಬ್ರೋಕರ್ (ಸಂದೇಶ ಹಂಚುವ ನಡುವಿನ ಸರ್ವರ್) ಲೈನ್ ಕತ್ತರಿಸಿ, ಪೆಟ್ಟಿಗೆ ಮೊದಲೇ ಕೊಟ್ಟಿಟ್ಟಿದ್ದ ‘ಲಾಸ್ಟ್ ವಿಲ್’ ಎಂಬ ಕೊನೆಯ ಸಂದೇಶವನ್ನು ಹೊರಡಿಸುತ್ತದೆ. ಆಪ್‌ನಲ್ಲಿ ‘ತೋಟ ಸಂಪರ್ಕದಲ್ಲಿಲ್ಲ’ ಅಂತ ಕೆಂಪು ಬೀಳುತ್ತದೆ. ಆನ್ ಬಟನ್ನೇ ಮಂಕಾಗುತ್ತದೆ. ಈ ಒಂದು ಗುಣಕ್ಕೇ ನಾನು ಸೋತೆ.

ಹಳೇ ಆರ್ಡರ್ ಕಾಟಕ್ಕೆ 2019ರ ಎಂಕ್ಯೂಟಿಟಿ 5ನೇ ಆವೃತ್ತಿಯಲ್ಲಿ ಮೆಸೇಜ್ ಎಕ್ಸ್‌ಪೈರಿ, ಅಂದರೆ ಸಂದೇಶಕ್ಕೆ ಆಯಸ್ಸು, ಇದೆ. 20 ಸೆಕೆಂಡ್ ಹಾಕಿದರೆ, ಅಷ್ಟರೊಳಗೆ ಹೊರಡದ ಆರ್ಡರನ್ನು ಬ್ರೋಕರ್ ಬಿಸಾಡುತ್ತದೆ. ಅದೊಂದೇ ಸಾಲದು. ಬ್ರೋಕರ್ ಕೈಬಿಟ್ಟು ಟಿಸಿಪಿ ಕೈಗೆ ಹೋದದ್ದಕ್ಕೆ ಎಕ್ಸ್‌ಪೈರಿ ತಟ್ಟುವುದಿಲ್ಲ. ಅದಕ್ಕೆ ಪ್ರತಿ ಆರ್ಡರಿನೊಳಗೆ ಒತ್ತಿದ ಸಮಯವನ್ನೂ ಬರೆದಿರುತ್ತೇನೆ. ಹಳೆಯದಾದರೆ ಪೆಟ್ಟಿಗೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೊನೆಯ ಸಂದೇಶವನ್ನು ಬ್ರೋಕರ್ ಇಟ್ಟುಕೊಳ್ಳುವ ರಿಟೇನ್ ಆಯ್ಕೆಯನ್ನು ಆನ್ ಆಫ್ ಆರ್ಡರಿಗೆ ಹಾಕಲೇಬೇಡಿ. ಪೆಟ್ಟಿಗೆ ಮತ್ತೆ ಕನೆಕ್ಟ್ ಆದಾಗಲೆಲ್ಲ ಅದೇ ಆನ್ ಮತ್ತೆ ಬರುತ್ತದೆ.

ಬ್ಯಾಟರಿ ಮೇಲೆ ಓಡುವ, ದಿನಕ್ಕೆ ನಾಲ್ಕಾರು ಸಲ ಮಣ್ಣಿನ ತೇವ ಮಾತ್ರ ಹೇಳಿ ಮಲಗುವ ಸೆನ್ಸರ್ ನಿಮ್ಮದಾದರೆ ಕೋಆಪ್ ತೆಗೆದುಕೊಳ್ಳಿ. ಅಲ್ಲಿ ನ್ಯಾಟ್ ತೊಂದರೆಯೇ ಬರುವುದಿಲ್ಲ, ಮಾತು ಶುರು ಮಾಡುವುದು ಸೆನ್ಸರೇ. ಪಿವಿಸಿ ಪೆಟ್ಟಿಗೆಯಲ್ಲಿ ಮೋಟಾರ್ ಕಾಂಟ್ಯಾಕ್ಟರ್ (ಮೋಟಾರಿನ ಕರೆಂಟು ಕೊಡುವ, ಕತ್ತರಿಸುವ ಸ್ವಿಚ್) ಇದ್ದು, ಹೊರಗಿನಿಂದ ಆರ್ಡರ್ ಬರಬೇಕಾದರೆ ಎಂಕ್ಯೂಟಿಟಿ 5. ಡ್ರೈ ರನ್ (ನೀರಿಲ್ಲದೆ ಓಡುವುದು) ಮತ್ತು ಸಿಂಗಲ್ ಫೇಸ್ (ಮೂರರಲ್ಲಿ ಫೇಸ್ ತಪ್ಪುವುದು) ಆದಾಗ ಮೋಟಾರ್ ನಿಲ್ಲಿಸುವ ಟ್ರಿಪ್ ಮಾತ್ರ ಯಾವ ಪ್ರೊಟೊಕಾಲ್ ಕೈಗೂ ಕೊಡಬೇಡಿ. ಅವೆರಡೂ ಸ್ಟಾರ್ಟರ್ ಒಳಗೇ, ಇಂಟರ್ನೆಟ್ ಇದ್ದರೂ ಇಲ್ಲದಿದ್ದರೂ ಕೆಲಸ ಮಾಡಬೇಕು.