ಭೀಮಗಡದ ಅಂಚಿನಲ್ಲಿ ಎರಡು ರಾತ್ರಿ: ಡೇರೆಗೆ ನಾಲ್ಕು ಅಂಕ, ವ್ಯಾನಿಗೆ ಒಂದೂವರೆ

ಬೆಳಗಾವಿಯಲ್ಲಿ ಹಲವರು ಭೀಮಗಡವನ್ನು ‘ನ್ಯಾಷನಲ್ ಪಾರ್ಕ್’ ಎಂದೇ ಕರೆಯುತ್ತಾರೆ. ಅದು ರಾಷ್ಟ್ರೀಯ ಉದ್ಯಾನವಲ್ಲ, 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ. ರಾಷ್ಟ್ರೀಯ ಉದ್ಯಾನವೇ ಬೇಕೆಂದರೆ ಜಿಲ್ಲೆಯ ಗಡಿ ದಾಟಿ ಉತ್ತರ ಕನ್ನಡದ ಅಣಶಿಗೆ ಹೋಗಬೇಕು. ಹೆಸರು ಯಾವುದಾದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ, ಮನಸ್ಸಿಗೆ ಬಂದಲ್ಲಿ ಗೂಟ ಹೊಡೆದು ಡೇರೆ ಎಬ್ಬಿಸುವಂತಿಲ್ಲ. ಆದ್ದರಿಂದ ನಾವು ಐದು ಜನ ಡಿಸೆಂಬರ್ ತಿಂಗಳಲ್ಲಿ ಎರಡು ರಾತ್ರಿ ಉಳಿದದ್ದು ಧಾಮದ ಗಡಿಯ ಹೊರಗೆ, ಖಾನಾಪುರ ತಾಲ್ಲೂಕಿನಲ್ಲಿ, ಕೊಯ್ಲು ಮುಗಿದ ಭತ್ತದ ಗದ್ದೆಗೆ ಹೊಂದಿಕೊಂಡ ಒಂದು ಖಾಸಗಿ ಶಿಬಿರದಲ್ಲಿ. ಮೂವರಿಗೆ ಅಲ್ಲಿನದೇ ಡೇರೆ, ಉಳಿದ ಇಬ್ಬರಿಗೆ ಬೆಳಗಾವಿಯಿಂದ ಬಾಡಿಗೆಗೆ ಒಯ್ದ ಕ್ಯಾಂಪರ್ ವ್ಯಾನ್. ನನ್ನ ದೂರುಗಳನ್ನು ಎರಡೂ ಕಡೆಯ ಮಾಲೀಕರಿಗೆ ಎದುರಿಗೇ ಹೇಳಿ ಬಂದಿರುವುದರಿಂದ ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಜಾಗವನ್ನು ಗೊತ್ತುಮಾಡುವ ಮೊದಲು ಏನೇನು ಕೇಳಿಕೊಳ್ಳಬೇಕು ಎಂಬುದು ಓದುವವರಿಗೆ ತಿಳಿದರೆ ಸಾಕು.

ಶಿಬಿರದ ಫಲಕದ ಮೇಲೆ ‘ಕಾಡಿನ ಸರಳ ಜೀವನ’ ಎಂದು ಬರೆದಿದೆ. ಸರಳತೆಗೆ ನನ್ನ ತಕರಾರಿಲ್ಲ. ಟಿವಿ, ಎಸಿ, ಬಿಸಿನೀರಿನ ಷವರ್ ಇಲ್ಲವೆಂದು ನಾನು ಯಾವ ಅಂಕವನ್ನೂ ಕಡಿಮೆ ಮಾಡಿಲ್ಲ. ಆದರೆ ಒಣಗಿದ ಹಾಸಿಗೆ, ಚೊಕ್ಕ ಶೌಚಾಲಯ, ಕುಡಿಯುವ ನೀರು ಮತ್ತು ರಾತ್ರಿಯ ಕತ್ತಲೆ, ಈ ನಾಲ್ಕನ್ನು ಸರಳತೆಯ ಹೆಸರಿನಲ್ಲಿ ಕಡಿತಗೊಳಿಸುವ ಹಕ್ಕು ಯಾರಿಗೂ ಇಲ್ಲವೆಂಬುದು ನನ್ನ ಅಳತೆಗೋಲು. ಈ ನಾಲ್ಕರಲ್ಲಿ ಎರಡು ಮೊದಲ ದಿನವೇ ದೊರೆತವು, ಉಳಿದೆರಡು ಕೇಳಿದ ಮೇಲೆ ದೊರೆತವು.

ಮೊದಲು ವ್ಯಾನಿನ ಕಥೆ ಮುಗಿಸುತ್ತೇನೆ. ಹಳೆಯ ಮಿನಿಬಸ್ಸಿನ ಆಸನಗಳನ್ನು ಕಿತ್ತು, ಎರಡು ಹಾಸಿಗೆ, ಒಂದು ಗ್ಯಾಸ್ ಒಲೆ, ಸಣ್ಣ ಫ್ರಿಜ್ ಮತ್ತು ನೀರಿನ ಟಾಕಿ ಕೂಡಿಸಿದ ಗಾಡಿ ಅದು. ಬೆಳಗಾವಿಯಿಂದ ಖಾನಾಪುರದವರೆಗಿನ 26 ಕಿಲೋಮೀಟರ್ ಹೆದ್ದಾರಿಯಲ್ಲಿ ಅದು ರಾಜನಂತೆ ಸಾಗಿತು. ಮುಂದೆ ಹೆಮ್ಮಡಗಾ ಕಡೆಯ ದಾರಿ ಕಿರಿದಾಗಿ ಮರದ ಟೊಂಗೆಗಳು ಮಾಡಿಗೆ ಉಜ್ಜತೊಡಗಿದ ಮೇಲೆ ಒಳಗಿನ ಪಾತ್ರೆಗಳೆಲ್ಲ ಭಜನೆಗೆ ಕುಳಿತವು. ಶಿಬಿರದ ನೆಲ ಇಳಿಜಾರಾಗಿದ್ದರಿಂದ ಚಕ್ರಕ್ಕೆ ಕಲ್ಲು ಕೊಟ್ಟು ಗಾಡಿಯನ್ನು ಮಟ್ಟ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟಾದರೂ ಮಲಗಿದವರ ತಲೆ ಕೆಳಗೆ, ಕಾಲು ಮೇಲೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ದೀಪ, ಫ್ಯಾನು, ಫ್ರಿಜ್ ಮೂರೂ ಒಟ್ಟಿಗೆ ನಿಂತವು. ಇದರಲ್ಲಿ ಆಶ್ಚರ್ಯವೇನೂ ಇಲ್ಲ: ಒಳಗಿದ್ದದ್ದು 100 ಆಂಪಿಯರ್-ಅವರ್‌ನ ಮಾಮೂಲಿ ಲೆಡ್ ಆ್ಯಸಿಡ್ ಬ್ಯಾಟರಿ, ಅದನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಷ್ಯವೇ ಕಡಿಮೆಯಾಗುತ್ತದೆ, ನಾಲ್ಕೈದು ಆಂಪಿಯರ್ ಎಳೆಯುವ ಫ್ರಿಜ್ ಒಂದೇ ಆ ಅರ್ಧವನ್ನು ಹತ್ತು-ಹನ್ನೆರಡು ತಾಸುಗಳಲ್ಲಿ ಮುಗಿಸುತ್ತದೆ. ಬಾಡಿಗೆ ಕೊಟ್ಟವರು ಈ ಲೆಕ್ಕವನ್ನು ಮೊದಲೇ ಹೇಳಬೇಕಿತ್ತು. ‘ಎರಡು ದಿನ ಆರಾಮ ಬರುತ್ತದೆ’ ಎಂದಿದ್ದರು. ಕಾಡಿನ ಅಂಚಿಗೆ ಹೋಗುವವರಿಗೆ ಚಕ್ರದ ಮೇಲಿನ ಮನೆ ಬೇಕಾಗಿಲ್ಲವೆಂದು ನನಗೆ ಅಂದೇ ಅನ್ನಿಸಿತು. ಎರಡನೆಯ ರಾತ್ರಿ ವ್ಯಾನಿನವರಿಬ್ಬರೂ ಕಂಬಳಿ ಹೊತ್ತುಕೊಂಡು ಡೇರೆಗೆ ಬಂದರು.

ಡೇರೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಹೊಗಳುವುದಾಗಲಿ ಬಯ್ಯುವುದಾಗಲಿ ಅದರ ಒಂದೇ ರಾತ್ರಿಯನ್ನು ನೋಡಿ. ನಮ್ಮದು ಎರಡು ಪದರದ ಡೇರೆ: ಒಳಗೆ ತೆಳುವಾದ ಬಟ್ಟೆ, ಮೇಲೆ ನೀರು ಇಳಿಯದ ಹೊದಿಕೆ. ಮೊದಲ ರಾತ್ರಿ ಚಳಿಗೆ ಹೆದರಿ ಎಲ್ಲ ಜಿಪ್ಪುಗಳನ್ನೂ ಬಿಗಿಯಾಗಿ ಎಳೆದು ಮಲಗಿದೆವು. ಬೆಳಿಗ್ಗೆ ಐದೂವರೆಗೆ ಹಣೆಯ ಮೇಲೆ ಒಂದು ಹನಿ ಬಿದ್ದು ಎಚ್ಚರವಾಯಿತು. ಟಾರ್ಚು ಹಾಕಿ ನೋಡಿದರೆ ಹೊಲಿಗೆಯ ಗೆರೆಯುದ್ದಕ್ಕೂ ಸಾಸಿವೆ ಕಾಳಿನಂಥ ಹನಿಗಳು ಸಾಲಾಗಿ ನಿಂತಿದ್ದವು, ಎರಡು ಹನಿ ಕೂಡಿದೊಡನೆ ಭಾರಕ್ಕೆ ಸರ್ರನೆ ಜಾರಿ ಮಗಳ ದಿಂಬಿನ ಮೂಲೆಗೆ ಇಳಿಯುತ್ತಿದ್ದವು. ಡೇರೆ ಸೋರುತ್ತಿದೆಯೆಂದು ಅವಳು ಕೂಗಿದಳು. ಹೊರಗೆ ಮಳೆಯಿರಲಿಲ್ಲ, ಅದು ನಮ್ಮ ಮೂವರ ಉಸಿರು. ರಾತ್ರಿಯಿಡೀ ಬಿಟ್ಟ ಬೆಚ್ಚನೆಯ ಉಸಿರು ಹೊರಬೀಳಲು ದಾರಿಯಿಲ್ಲದೆ ತಣ್ಣನೆಯ ಹೊದಿಕೆಗೆ ತಾಗಿ ನೀರಾಗಿತ್ತು. ಹೊದಿಕೆಯ ಹಗ್ಗಗಳು ಸಡಿಲವಾಗಿ ಎರಡು ಪದರಗಳು ಒಂದಕ್ಕೊಂದು ಅಂಟಿದ್ದರಿಂದ ಆ ನೀರು ನೇರವಾಗಿ ಒಳಗೇ ಇಳಿದಿತ್ತು. ಹಗ್ಗ ಸಡಿಲವಾಗಲು ಕಾರಣ ಗೂಟಗಳು: ಅಲ್ಲಿನ ನೆಲ ಜಂಬಿಟ್ಟಿಗೆ, ಮೇಲೆ ನಾಲ್ಕು ಬೆರಳು ಮಣ್ಣು, ಕೆಳಗೆ ಕಲ್ಲು, ತೆಳ್ಳಗಿನ ಅಲ್ಯುಮಿನಿಯಂ ಗೂಟಗಳು ಒಂದೇ ಪೆಟ್ಟಿಗೆ ಬಾಗಿದ್ದವು. ಕೆಲಸದ ಹುಡುಗನಿಗೆ ತೋರಿಸಿದ್ದೇ ತಡ, ಗದ್ದೆಯ ಬದುವಿನಿಂದ ಹತ್ತು ದೊಡ್ಡ ಕಲ್ಲು ಹೊತ್ತು ತಂದು, ಹಗ್ಗಗಳನ್ನು ಅವಕ್ಕೆ ಸುತ್ತಿ ತಮಟೆಯಂತೆ ಬಿಗಿ ಮಾಡಿದ. ಮೇಲಿನ ಗಾಳಿಕಿಂಡಿಯನ್ನು ಒಂದು ಗೇಣು ತೆರೆದಿಟ್ಟು ಮಲಗಿದ ಎರಡನೆಯ ರಾತ್ರಿ ಐದು ಜನರಿದ್ದರೂ ಒಳಗೆ ಹನಿ ಕಟ್ಟಲಿಲ್ಲ, ಹಾಸಿಗೆ ಒಣಗೇ ಇತ್ತು. ಚಳಿ ತುಸು ಹೆಚ್ಚಾಗಿತ್ತು, ಅದಕ್ಕೆ ಕಂಬಳಿಯಿದೆ.

ಶೌಚಾಲಯ ಎರಡು, ಖಾನಾಪುರದ ಹೆಂಚು ಹೊದಿಸಿದವು, ದಿನಕ್ಕೆ ಎರಡು ಸಲ ತೊಳೆಯುತ್ತಾರೆ, ದೂರಿಗೆ ಆಸ್ಪದವಿಲ್ಲ. ಕುಡಿಯುವ ನೀರು ಬಾವಿಯದು, ಕಾಯಿಸಿ ಸೋಸಿ ಕೊಡುತ್ತಾರೆ. ಊಟ ಮನೆಯ ಊಟವೇ: ಅಲ್ಲಿಯದೇ ಅಕ್ಕಿಯ ಅನ್ನ, ಕಟ್ಟಿನ ಸಾರು, ಝುಣಕ, ಕೇಳಿದರೆ ಜೋಳದ ರೊಟ್ಟಿ. ಊಟದ ಕೊನೆಗೆ ಕುಂದಾ ಬಡಿಸಿದರು. ಬೆಳಗಾವಿಯವರಿಗೇ ಪೇಟೆಯ ಕುಂದಾ ಬಡಿಸುವ ಧೈರ್ಯವನ್ನು ಮೆಚ್ಚಬೇಕು.

ನನಗೆ ನಿಜವಾಗಿ ಸಿಟ್ಟು ಬಂದದ್ದು ದೀಪದ ವಿಷಯದಲ್ಲಿ. ಅಂಗಳದ ನಡುವೆ ಎತ್ತರದ ಕಂಬಕ್ಕೆ ಕಟ್ಟಿದ ಬಿಳಿಯ ಎಲ್‌ಇಡಿ ದೀಪ ಸಂಜೆಯಿಂದ ಬೆಳಗಿನವರೆಗೆ ಉರಿಯುತ್ತಿತ್ತು; ಡೇರೆಯೊಳಗೆ ಪೇಪರು ಓದಬಹುದಾಗಿತ್ತು, ಆಕಾಶದ ನಕ್ಷತ್ರ ಮಾತ್ರ ಕಾಣುತ್ತಿರಲಿಲ್ಲ. ಆರಿಸಲು ಕೇಳಿದಾಗ ಹುಡುಗ ಹೇಳಿದ ಮಾತು: ‘ಲೈಟ್ ಆರಿಸಿದ್ರ ಮಂದಿ ಅಂಜತಾರ್ರೀ, ಕಾಡುಕೋಣ ಬರ್ತಾವಂತ.’ ಬಂದರೆ ಬರಲಿ, ಅದಕ್ಕಾಗಿಯೇ ಅಲ್ಲವೇ ಇಷ್ಟು ದೂರ ಹೋಗುವುದು? ಇದು ಬರೀ ನನ್ನ ನಿದ್ದೆಯ ಪ್ರಶ್ನೆಯಲ್ಲ. ಭೀಮಗಡದ ಬಾರಾಪೇಡೆ ಗುಹೆಗಳಲ್ಲಿರುವ ರಾಟನ್ ಬಾವಲಿಯನ್ನು 1913ರಲ್ಲಿ ವಿಜ್ಞಾನಿಗಳು ಮೊದಲ ಬಾರಿಗೆ ವಿವರಿಸಿದರು. ಬಹುಕಾಲ ಜಗತ್ತಿನಲ್ಲಿ ಇನ್ನೆಲ್ಲಿಯೂ ಅದು ಕಂಡಿರಲಿಲ್ಲ, ಕಾಂಬೋಡಿಯಾ ಮತ್ತು ಮೇಘಾಲಯಗಳಲ್ಲಿ ಸಿಕ್ಕದ್ದು ಈಚೆಗೆ. ಕತ್ತಲೆಯಲ್ಲಿ ಹುಳು ಹಿಡಿದು ಬದುಕುವ ಇಂಥ ಜೀವಿಗಳ ನೆರೆಯಲ್ಲಿ ಊರಿನ ಹುಳುಗಳನ್ನೆಲ್ಲ ಒಂದೇ ಕಂಬಕ್ಕೆ ಸೆಳೆಯುವ ದೀಪ ನಿಲ್ಲಿಸುವವರು ಕಾಡಿನ ಹೆಸರಿನಲ್ಲಿ ಹಣ ಕೇಳಬಾರದು. ಮಾಲೀಕರು ನನ್ನ ಮಾತನ್ನು ತಾಳ್ಮೆಯಿಂದ ಕೇಳಿ ಎರಡನೆಯ ರಾತ್ರಿ ಒಂಬತ್ತಕ್ಕೆ ದೀಪ ಆರಿಸಿದರು, ಶೌಚಾಲಯದ ದಾರಿಗೆ ಎರಡು ಲಾಟೀನು ಇಟ್ಟರು. ಸ್ವಲ್ಪ ಹೊತ್ತಿಗೆ ಗದ್ದೆಯಾಚೆ ಕಾಡುಕುರಿ ನಾಯಿಯಂತೆ ಬೊಗಳಿತು, ಯಾರೂ ಮಾತಾಡಲಿಲ್ಲ. ಡೇರೆಯ ನಾಲ್ಕು ಅಂಕಗಳಲ್ಲಿ ಒಂದು ಆ ಅರ್ಧ ಗಂಟೆಗೆ ಕೊಟ್ಟದ್ದು.

ಬೆಳಗಿನ ನಡಿಗೆ ಶಿಬಿರದ ಬಾಡಿಗೆಯಲ್ಲೇ ಸೇರಿದೆ. ಧಾಮದೊಳಗೆ ಕರೆದೊಯ್ಯುವುದಿಲ್ಲ, ಕರೆದೊಯ್ಯುತ್ತೇವೆಂಬ ಸುಳ್ಳು ಆಸೆಯನ್ನೂ ತೋರಿಸುವುದಿಲ್ಲ. ಇದು ಅವರ ಪ್ರಾಮಾಣಿಕತೆ. ಊರಿನ ಹಿರಿಯರೊಬ್ಬರು ಹಳ್ಳದ ದಂಡೆಗುಂಟ ಕರೆದೊಯ್ದು, ಮತ್ತಿ ಮರದ ಮೇಲಿನ ಕೆಂಜಳಿಲಿನ ಗೂಡನ್ನು ತೋರಿಸಿ, ಆ ಹಳ್ಳದ ನೀರು ಮಹಾದಾಯಿಗೆ ಸೇರಿ ಗೋವೆಗೆ ಹೋಗುತ್ತದೆ ಎಂದರು. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮಾತ್ರ ಪೂರ್ವಕ್ಕೆ ತಿರುಗಿ, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದನ್ನು ಶಾಲೆಯಲ್ಲಿ ಓದಿದ್ದೆ. ಆದರೆ ನೀರಿನಲ್ಲಿ ಕಾಲಿಟ್ಟುಕೊಂಡು ಕೇಳಿದಾಗಲೇ ಅದು ತಲೆಗೆ ಹೋಯಿತು.

ಮಳೆಗಾಲದಲ್ಲಿ ಇಲ್ಲಿಗೆ ಹೋಗಬೇಡಿ. ಇಂಬಳಗಳ ಮಾತು ಹಾಗಿರಲಿ, ಆ ಡೇರೆಯ ನೆಲಹಾಸು ಖಾನಾಪುರದ ಮಳೆಯನ್ನು ಒಂದು ಗಂಟೆಯೂ ತಡೆಯಲಾರದು. ಫೆಬ್ರವರಿಗೆ ಮತ್ತೆ ಎರಡು ರಾತ್ರಿ ಗೊತ್ತುಮಾಡಿದ್ದೇನೆ, ಈ ಸಲ ಡೇರೆ ಮಾತ್ರ. ಆರು ಕಬ್ಬಿಣದ ಗೂಟ ಮತ್ತು ಒಂದು ಹೆಚ್ಚಿನ ಕಂಬಳಿಯನ್ನು ಮನೆಯಿಂದಲೇ ಒಯ್ಯುತ್ತೇವೆ, ಒಂಬತ್ತಕ್ಕೆ ದೀಪ ಆರಿಸುವ ಮಾತನ್ನು ಮುಂಗಡ ಕೊಡುವಾಗಲೇ ಬರೆಸಿಕೊಂಡಿದ್ದೇನೆ.