ಬೇಸಿಗೆಲಿ ಹಂದಿಗೆ ವಿಟಮಿನ್: ಫೀಡಲ್ಲಿ ಕೊಡೋದಾ, ನೀರಲ್ಲಾ?

ಮಡಿಕೇರಿ ಮೇಲಿನವರಿಗೆ ಇದು ಅಷ್ಟು ಗೊತ್ತಾಗಲ್ಲ, ಆದ್ರೆ ಕುಶಾಲನಗರ, ಸಿದ್ದಾಪುರ ಕಡೆ ಹಂದಿ ಸಾಕೋರಿಗೆ ಮಾರ್ಚ್ ಬಂತಂದ್ರೆ ತಲೆನೋವು ಶುರು, ತೊಟ್ಟಿಗೆ ಹಾಕಿದ ಫೀಡ್ ಹಾಗೇ ಬಿದ್ದಿರುತ್ತೆ, ಹಂದಿ ಒದ್ದೆ ಜಾಗ ಹುಡ್ಕೊಂಡು ಮಲಗಿ ಏದುಸಿರು ಬಿಡ್ತಿರುತ್ತೆ. ನಮ್ಮ ಥರ ಬೆವರಿ ಮೈ ತಣ್ಣಗೆ ಮಾಡ್ಕೊಳ್ಳೋಕೆ ಅದಕ್ಕೆ ಆಗಲ್ಲ. ತಿಂದಿದ್ದು ಜೀರ್ಣ ಆಗೋವಾಗ್ಲೂ ಮೈಯೊಳಗೆ ಕಾವು ಹುಟ್ಟುತ್ತಲ್ಲ, ಅದಕ್ಕೇ ತಿನ್ನೋದು ಕಮ್ಮಿ ಮಾಡುತ್ತೆ.

ನಾನು ಒಂದು ಗೂಡಿಗೆ ಪ್ರಿಮಿಕ್ಸ್ ಪೌಡರನ್ನ (ಫೀಡಿಗೆ ಬೆರೆಸೋ ವಿಟಮಿನ್ ಪುಡಿ) ಜೋಳ, ತವುಡು, ಸೋಯಾ ಹಿಂಡಿ ಜೊತೆ ಬೆರೆಸಿ ಹಾಕ್ದೆ, ಪಕ್ಕದ ಗೂಡಿಗೆ ಅದೇ ಫೀಡ್, ಆದ್ರೆ ವಿಟಮಿನ್ ಕುಡಿಯೋ ನೀರಲ್ಲಿ.

ಪ್ರಿಮಿಕ್ಸ್ ಅಗ್ಗ, ಕೆಲಸನೂ ಕಮ್ಮಿ, ವರ್ಷವಿಡೀ ಅದೇ ಸಾಕು. ಆದ್ರೆ ಬಿಸಿಲು ಏರಿದಾಗ ಹಂದಿ ಫೀಡೇ ಮುಟ್ಟಲ್ಲ, ಅದರೊಳಗಿನ ವಿಟಮಿನ್ ಹೊಟ್ಟೆಗೆ ಹೋಗೋದಾದ್ರೂ ಹೇಗೆ? ಬೇಕಾದ ಟೈಮಲ್ಲೇ ಸಿಗಲ್ಲ. ಇನ್ನೊಂದು, ಶೀಟ್ ಶೆಡ್ಡಲ್ಲಿ ಬಿಚ್ಚಿಟ್ಟ ಪ್ರಿಮಿಕ್ಸ್ ಚೀಲದ ವಿಟಮಿನ್ ಎ ಬಿಸಿಗೆ, ತೇವಕ್ಕೆ ಬೇಗ ಸತ್ವ ಕಳ್ಕೊಳ್ಳುತ್ತೆ, ಮಿನರಲ್ ಜೊತೆ ಬೆರೆಸಿಟ್ರೆ ಇನ್ನೂ ಬೇಗ. ಹಳೇ ತವುಡು ಮುಗ್ಗು ವಾಸನೆ ಬಂದಿದ್ರಂತೂ ವಿಟಮಿನ್ ಇ ಹಾಳಾಗುತ್ತೆ, ಅಂಥದ್ದನ್ನ ಹಂದಿಗೆ ಹಾಕ್ಲೇಬೇಡಿ.

ನೀರಲ್ಲಿ ಕೊಟ್ರೆ ಈ ತೊಂದ್ರೆ ಇಲ್ಲ, ಸೆಕೆಗೆ ಊಟ ಬಿಟ್ಟ ಹಂದಿನೂ ನೀರು ಬಿಡಲ್ಲ, ಮಾಮೂಲಿ ದಿನದಲ್ಲೇ ತಿಂದ ಫೀಡಿನ ತೂಕದ ಎರಡು ಮೂರು ಪಟ್ಟು ಕುಡಿಯುತ್ತೆ. ಖರ್ಚು ಜಾಸ್ತಿ, ಹೌದು. ದಿನಾ ಬೆಳಿಗ್ಗೆ ಹೊಸದಾಗಿ ಕಲಸ್ಬೇಕು, ಉಳಿದಿದ್ದು ಚೆಲ್ಲಬೇಕು, ಬ್ಲೀಚಿಂಗ್ ಪೌಡರ್ ಹಾಕಿದ ನೀರಾದ್ರೆ ವಿಟಮಿನ್ ಸಿ ಉಳಿಯಲ್ಲ, ಪೈಪಲ್ಲಿ ಲೋಳೆ ಕಟ್ಟಿ ನಿಪ್ಪಲ್ (ಹಂದಿ ಬಾಯಲ್ಲಿ ಒತ್ತಿ ನೀರು ಕುಡಿಯೋ ನಲ್ಲಿ) ಬ್ಲಾಕ್ ಆಗುತ್ತೆ. ಟ್ಯಾಂಕ್ ಬಿಸಿಲಲ್ಲಿದ್ರೆ ನೀರು ಕಾದು ಹಂದಿ ಅದನ್ನೂ ಕಮ್ಮಿ ಕುಡಿಯುತ್ತೆ, ನೆರಳಿಗೆ ಸರಿಸಿ. ಒಂದು ಮಾತು ದಯವಿಟ್ಟು ನೆನಪಿಡಿ, ವಿಟಮಿನ್ ಇ ಜೊತೆ ಸೆಲೆನಿಯಂ ಅನ್ನೋ ಮಿನರಲ್ ಇರೋ ಔಷಧಿನ ಡಾಕ್ಟರ್ ಕೇಳದೆ ಫೀಡಲ್ಲೂ ನೀರಲ್ಲೂ ಎರಡೂ ಕಡೆ ಹಾಕ್ಬೇಡಿ, ಸೆಲೆನಿಯಂ ಜಾಸ್ತಿ ಆದ್ರೆ ವಿಷ. ವಿಟಮಿನ್ ಸಿ ಹಂದಿ ತನ್ನ ಮೈಯಲ್ಲೇ ತಯಾರು ಮಾಡ್ಕೊಳ್ಳುತ್ತೆ, ಸೆಕೆ ದಿನಕ್ಕೆ ಸ್ವಲ್ಪ ಕೊಟ್ರೆ ಸರಿ, ವರ್ಷಪೂರ್ತಿ ದುಡ್ಡು ಸುರಿಯೋದು ಬೇಡ.

ಆದ್ರೆ ಈ ಎರಡಕ್ಕಿಂತ ಹೆಚ್ಚು ಫರಕ್ ಕಂಡಿದ್ದು ಒಂದು ಪೈಸೆ ಖರ್ಚಿಲ್ಲದ ಕೆಲಸದಲ್ಲಿ, ಫೀಡ್ ಟೈಮ್ ಬದಲಾಯಿಸಿದ್ದು. ಬೆಳಕು ಹರಿಯೋ ಮುಂಚೆ ಒಂದ್ಸಲ, ಹೊತ್ತು ಮುಳುಗಿ ತಂಪಾದ್ಮೇಲೆ ಒಂದ್ಸಲ, ನೀರು ಕಲಸಿ ಹಸಿಯಾಗಿ. ತೊಟ್ಟಿ ಖಾಲಿ! ಉಳಿದಿದ್ರೆ ಹುಳಿ ಬರೋ ಮುಂಚೆ ತೆಗೀರಿ. ತವುಡು ಸ್ವಲ್ಪ ಇಳಿಸಿ, ನಾರು ಜಾಸ್ತಿ ಆದ್ರೆ ಕಾವೂ ಜಾಸ್ತಿ, ಆ ಜಾಗಕ್ಕೆ ಸ್ವಲ್ಪ ಎಣ್ಣೆ.

ಈಗ ನಾನು ಮಾಡೋದು ಇಷ್ಟು: ಎಲ್ಲಾ ಹಂದಿಗೂ ಪ್ರಿಮಿಕ್ಸ್, ಚಿಕ್ಕ ಪ್ಯಾಕೆಟ್ ತಂದು. ಮಾರ್ಚಿಂದ ಮಳೆ ಹಿಡಿಯೋವರೆಗೆ ಮರಿ ಹಾಕಿದ ತಾಯಿಗೆ, ಹಾಲು ಬಿಡಿಸಿದ ಮರಿಗೆ ಮಾತ್ರ ನೀರಲ್ಲೂ, ಅದೂ ಸೆಲೆನಿಯಂ ಇಲ್ಲದ್ದು. ತಾಯಿ ತಿನ್ನದಿದ್ರೆ ಹಾಲು ಇಳಿಯುತ್ತೆ, ಮರಿ ಸೊರಗುತ್ತೆ. ವಿಟಮಿನ್ ಬಾಟಲಿ ತರೋ ಮುಂಚೆ ಆ ತಾಯಿ ಗೂಡಿನ ನಿಪ್ಪಲ್ ಒತ್ತಿ ಹಿಡಿದು ನೋಡಿ, ನಿಮಿಷಕ್ಕೆ 2 ಲೀಟರ್ ಆದ್ರೂ ಬರ್ಬೇಕು.