ಆ್ಯಪ್, ಸಂಗೀತದ ಕ್ಲಾಸ್, ಸ್ಪೀಚ್ ಥೆರಪಿ: ಹೆಣ್ಣುದನಿಗಾಗಿ ಮೂರನ್ನೂ ಮಾಡಿ ನೋಡಿದ ಮೇಲೆ

ನಾನು ಟ್ರಾನ್ಸ್ ಹೆಂಗಸು. ಹಾರ್ಮೋನ್ ಶುರು ಮಾಡಿ ಒಂದು ವರ್ಷ ದಾಟಿತ್ತು. ಚರ್ಮ ಮೃದುವಾಗಿತ್ತು, ಮುಖ ಸ್ವಲ್ಪ ಬದಲಾಗಿತ್ತು, ಬಿಎಂಟಿಸಿ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಶಕ್ತಿ ಟಿಕೆಟ್ ಬೇಕಂದ್ರೆ ಆಧಾರ್ ತೋರಿಸಿ ಇಳಿಯುವ ಸ್ಟಾಪಿನ ಹೆಸರು ಹೇಳಬೇಕು ಅಲ್ವಾ? "ವಿಜಯನಗರ." ಒಂದೇ ಒಂದು ಪದ. ಅಷ್ಟಕ್ಕೆ ಮುಂದಿನ ಸೀಟಿನ ಮೂರು ತಲೆ ಹಿಂದಕ್ಕೆ ತಿರುಗುತ್ತಿದ್ದವು. ಎಷ್ಟೋ ದಿನ ಸ್ಟಾಪಿನ ಹೆಸರನ್ನು ಮೊಬೈಲ್‌ನಲ್ಲಿ ಟೈಪ್ ಮಾಡಿ ಕಂಡಕ್ಟರ್‌ಗೆ ತೋರಿಸಿದ್ದೇನೆ.

ಹಾರ್ಮೋನ್ ತಗೊಂಡರೆ ದನಿಯೂ ಬದಲಾಗುತ್ತದೆ ಅಂತ ಕಾಯುತ್ತಾ ಕೂತವರು ತುಂಬಾ ಜನ ಇದ್ದಾರೆ, ನಾನೂ ಕಾದೆ. ಬದಲಾಗುವುದಿಲ್ಲ. ಹರೆಯದಲ್ಲಿ ದನಿ ಒಡೆಯುವಾಗ ಟೆಸ್ಟೋಸ್ಟೆರಾನ್‌ನಿಂದ ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ, ಧ್ವನಿಪೆಟ್ಟಿಗೆ ದೊಡ್ಡದಾಗಿ ಕೆಳಗಿಳಿಯುತ್ತದೆ. ಆಮೇಲೆ ಎಷ್ಟು ಈಸ್ಟ್ರೋಜನ್ ತಗೊಂಡರೂ ಅದು ಹಿಂದಕ್ಕೆ ಹೋಗುವುದಿಲ್ಲ. ಟ್ರಾನ್ಸ್ ಗಂಡಸರಿಗೆ, ಅಂದರೆ ಹುಟ್ಟಿನಲ್ಲಿ ಹೆಣ್ಣು ಅನ್ನಿಸಿಕೊಂಡು ಗಂಡಸಾಗಿ ಬಾಳುವವರಿಗೆ, ಟೆಸ್ಟೋಸ್ಟೆರಾನ್ ಶುರುವಾದ ಕೆಲವು ತಿಂಗಳಲ್ಲಿ ದನಿ ತಾನಾಗೇ ಇಳಿಯುತ್ತದೆ. ನಮಗೆ ಹಾಗಿಲ್ಲ. ನಾವು ಕಲಿಯಬೇಕು.

ಕಲಿಯೋಕೆ ನಾನು ಮೂರು ದಾರಿ ಹಿಡಿದೆ. ಎಂಟು ತಿಂಗಳು ಬರೀ ಆ್ಯಪ್ ಮತ್ತು ವಿಡಿಯೋ. ಐದು ತಿಂಗಳು ಕರ್ನಾಟಕ ಸಂಗೀತ. ಆಮೇಲೆ ಹತ್ತು ಸಿಟ್ಟಿಂಗ್ ಸ್ಪೀಚ್ ಥೆರಪಿ. ನಾಲ್ಕನೆಯದು ಆಪರೇಷನ್, ಅದನ್ನು ಮಾಡಿಸಿಕೊಂಡಿಲ್ಲ, ಡಾಕ್ಟರ್ ಹತ್ತಿರ ಹೋಗಿ ಎಲ್ಲ ಕೇಳಿಕೊಂಡು ವಾಪಸ್ ಬಂದೆ. ಯಾವುದಕ್ಕೆ ದುಡ್ಡು ಹಾಕಲಿ ಅಂತ ನನ್ನನ್ನು ಕೇಳುವ ತಂಗಿಯರಿಗೆ ಇದನ್ನು ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೇನೆ.

ಮೊದಲು ಆ್ಯಪ್. ಪಿಚ್, ಅಂದರೆ ದನಿ ಎಷ್ಟು ಮೇಲಿದೆ ಅನ್ನುವುದನ್ನು, ತೋರಿಸುವ ಆ್ಯಪ್‌ಗಳು ಪುಕ್ಕಟೆಯಾಗಿ ಸಿಗುತ್ತವೆ, ಕಂಪ್ಯೂಟರ್ ಇದ್ದರೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಮಾಡಿದ ಪ್ರಾಟ್ ಅನ್ನುವ ಸಾಫ್ಟ್‌ವೇರ್ ಇದೆ, ಅದೂ ಪುಕ್ಕಟೆ. ಮೈಕ್ ಮುಂದೆ ಮಾತಾಡಿದರೆ ಗೆರೆ ಓಡುತ್ತದೆ, ಪಕ್ಕದಲ್ಲಿ ಹರ್ಟ್ಜ್ ಲೆಕ್ಕ, ಅಂದರೆ ಧ್ವನಿತಂತು ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವುದು, ಬರುತ್ತದೆ. ಗಂಡಸರ ಮಾತು ಸಾಮಾನ್ಯವಾಗಿ 85ರಿಂದ 180 ಹರ್ಟ್ಜ್ ಒಳಗೆ, ಹೆಂಗಸರದು 165ರಿಂದ 255ರ ಒಳಗೆ. ಮೊದಲ ದಿನ ನನ್ನದು 118 ಬಂತು. ನನಗೆ ಸಿಕ್ಕಿದ್ದು ಒಂದು ನಂಬರ್, ಆ ನಂಬರಿನ ಹಿಂದೆ ಬಿದ್ದೆ. ನಾಲ್ಕು ತಿಂಗಳಲ್ಲಿ 210 ಮುಟ್ಟಿದೆ. ಗೆರೆ ನೋಡಿ ಖುಷಿಯೋ ಖುಷಿ.

ಹೊರಗೆ ಮಾತ್ರ ಏನೂ ಬದಲಾಗಲಿಲ್ಲ. ಫೋನ್ ಎತ್ತಿ ಹಲೋ ಅಂದರೆ ಆ ಕಡೆಯಿಂದ "ಸರ್, ಗೇಟ್ ಹತ್ರ ಇದೀನಿ, ಕೆಳಗೆ ಬನ್ನಿ." ಡೆಲಿವರಿ ಹುಡುಗರ ತಪ್ಪಲ್ಲ ಅದು. ಕನ್ನಡದಲ್ಲಿ ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವಾಗ ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ. ಹಿಂದಿಯಲ್ಲಾದರೆ "ಆಯೀ ಹೂಂ" ಅಂದ ಕೂಡಲೇ ಎದುರಿನವರಿಗೆ ತಿಳಿಯುತ್ತದೆ. "ಬಂದೆ", "ಇಳಿದೆ", "ಕೊಡ್ತೀನಿ" ಅನ್ನುವುದರಲ್ಲಿ ಏನಿದೆ ಸುಳಿವು? ಫೋನಿನಲ್ಲಿ ಅವರಿಗೆ ಸಿಗುವುದು ದನಿ ಒಂದೇ. ನಮ್ಮ ಭಾಷೆಯ ಆ ಗುಣ ನನಗೆ ತುಂಬಾ ಇಷ್ಟ, ಟ್ರಾನ್ಸಿಷನ್‌ಗೆ ಮುಂಚೆ ಎಷ್ಟೋ ವರ್ಷ ಅದೇ ನನ್ನನ್ನು ಕಾಪಾಡಿತ್ತು, ಒಂದು ಸಲವೂ ನನ್ನ ಬಾಯಿಂದ ನಾನು ಗಂಡು ಅಂತ ಹೇಳಿಸಲಿಲ್ಲ. ಆದರೆ ಈಗ ಪೂರ್ತಿ ಭಾರ ಗಂಟಲಿನ ಮೇಲೇ ಬಿತ್ತು.

210 ಹರ್ಟ್ಜ್ ಇದ್ದೂ ಯಾಕೆ ಹೀಗೆ ಅಂತ ಆಗ ಅರ್ಥವಾಗಲಿಲ್ಲ. ಜೊತೆಗಿದ್ದ ಅಕ್ಕ ಒಂದು ರಾತ್ರಿ ಬಿಡಿಸಿ ಹೇಳಿದರು: "ಹೆಂಗಸಿನ ದನಿ ಅಲ್ಲ ಕಣೇ ಇದು, ಗಂಡಸು ಕೀರಲು ದನಿ ಮಾಡಿದ ಹಾಗಿದೆ." ನೋವಾಯಿತು, ಆದರೆ ನಿಜ ಹೇಳಿದ್ದರು. ಸಂಜೆ ಹೊತ್ತಿಗೆ ಗಂಟಲು ಉರಿಯುತ್ತಿತ್ತು, ಬೆಳಿಗ್ಗೆ ಎದ್ದರೆ ದನಿ ಹೊರಡುತ್ತಿರಲಿಲ್ಲ. ವಿಡಿಯೋಗಳ ಇನ್ನೊಂದು ತೊಂದರೆ, ಒಳ್ಳೆಯವು ಅಂತ ನನಗೆ ಸಿಕ್ಕಿದ್ದೆಲ್ಲ ಇಂಗ್ಲಿಷಿನವು. ಅದರಲ್ಲಿ ಕಲಿತ ದನಿ ಇಂಗ್ಲಿಷ್ ಮಾತಾಡುವಾಗ ಮಾತ್ರ ಬರುತ್ತಿತ್ತು. ಕನ್ನಡಕ್ಕೆ ತಿರುಗಿದ ಕೂಡಲೇ ಹಳೇ ದನಿ.

ಆ್ಯಪ್‌ನಿಂದ ಲಾಭವೇ ಆಗಲಿಲ್ಲ ಅಂತಲ್ಲ. ದಿನಾ ರೆಕಾರ್ಡ್ ಮಾಡಿ ಕೇಳುವ ಅಭ್ಯಾಸ ಆಯಿತು. ಮೊದಲ ವಾರ ನನ್ನ ದನಿ ಕೇಳಿದರೆ ಅಳು ಬರುತ್ತಿತ್ತು, ಮೂರನೇ ತಿಂಗಳಿಗೆ ಅಳದೆ ಕೇಳೋಕೆ ಕಲಿತೆ. ಅದು ದೊಡ್ಡ ವಿಷಯ.

ಸಂಗೀತದ ಕ್ಲಾಸ್‌ಗೆ ಸೇರಿದ್ದು ಬೇರೆ ಲೆಕ್ಕದಿಂದ. ಹೆಂಗಸರ ಶ್ರುತಿಯಲ್ಲಿ ಹಾಡೋಕೆ ಬಂದರೆ ಮಾತೂ ಅಲ್ಲಿಗೇ ಹೋಗುತ್ತದೆ ಅಂದುಕೊಂಡೆ. ಟೀಚರ್ ಮೊದಲ ದಿನವೇ ನನ್ನ ವಿಷಯ ಕೇಳಿಸಿಕೊಂಡು "ಆಯ್ತು ಪುಟ್ಟಾ, ನಿಧಾನಕ್ಕೆ ಏರಿಸೋಣ" ಅಂದರು. ಅಷ್ಟು ಸರಳವಾಗಿ ಅದುವರೆಗೆ ಯಾರೂ ನನ್ನನ್ನು ಒಪ್ಪಿಕೊಂಡಿರಲಿಲ್ಲ. ಡಿ ಶ್ರುತಿಯಲ್ಲಿ, ಅಂದರೆ 147 ಹರ್ಟ್ಜ್‌ನ ಷಡ್ಜದಲ್ಲಿ, ಮಾಯಾಮಾಳವಗೌಳದ ಸರಳೆ ವರಸೆ ಶುರುವಾಯಿತು. ಐದು ತಿಂಗಳಲ್ಲಿ ಎಫ್‌ವರೆಗೆ ಬಂದೆ, ಜಿಗೆ ಏರಿಸಿದರೆ ಮೇಲಿನ ಷಡ್ಜದಲ್ಲಿ ದನಿ ಒಡೆದು ಹೋಗುತ್ತಿತ್ತು.

ಉಸಿರು ಹಿಡಿಯುವುದು, ಒಂದು ಸ್ವರದ ಮೇಲೆ ಅಲುಗಾಡದೆ ನಿಲ್ಲುವುದು, ತಂಬೂರಿ ಕೇಳಿಸಿಕೊಂಡು ತಪ್ಪನ್ನು ಕಿವಿಯಲ್ಲೇ ಹಿಡಿಯುವುದು, ಇವನ್ನೆಲ್ಲ ಸಂಗೀತ ಕೊಟ್ಟಷ್ಟು ಚೆನ್ನಾಗಿ ಬೇರೆ ಯಾವುದೂ ಕೊಡಲಿಲ್ಲ. ಆ್ಯಪ್‌ನ ಗೆರೆ ಕಣ್ಣಿಗೆ, ಶ್ರುತಿ ಪೆಟ್ಟಿಗೆ ಕಿವಿಗೆ. ಮಾತಾಡುವಾಗ ಕಣ್ಣಿನ ಮುಂದೆ ಗೆರೆ ಇರುವುದಿಲ್ಲವಲ್ಲ, ಕಿವಿ ಇರುತ್ತದೆ. ಆದರೆ ಕ್ಲಾಸಿನಲ್ಲಿ ನನಗೆ ಹೇಳಿಕೊಟ್ಟಿದ್ದು ಗಂಟಲು ತೆರೆದು, ತುಂಬುದನಿಯಲ್ಲಿ, ಆಕಾರವನ್ನು ದುಂಡಗೆ ಹಾಡುವುದು. ಹಾಡಿಗೆ ಅದೇ ಸರಿ. ನನ್ನ ಮಾತಿಗೆ ಬೇಕಾಗಿದ್ದು ಮಾತ್ರ ಹೆಚ್ಚು ಕಡಿಮೆ ಅದರ ಉಲ್ಟಾ, ಹಗುರವಾದ ದನಿ, ಚಿಕ್ಕದಾದ ಬಾಯೊಳಗಿನ ಜಾಗ. ಇದು ಗೊತ್ತಾಗಿದ್ದು ಥೆರಪಿಗೆ ಹೋದ ಮೇಲೆ.

ಥೆರಪಿ ಸುಲಭವಾಗಿ ಸಿಗಲಿಲ್ಲ. ಮೊದಲು ಹೋದ ಕ್ಲಿನಿಕ್‌ನಲ್ಲಿ, ಹೆಸರು ಬೇಡ, "ನಿಮ್ಮ ದನಿ ಸರಿಯಾಗೇ ಇದೆಯಲ್ಲ, ಪ್ರಾಬ್ಲಂ ಏನು?" ಅಂತ ಮೂರು ಸಲ ಕೇಳಿದರು. ಹರೆಯ ಕಳೆದರೂ ದನಿ ಇಳಿಯದ ಹುಡುಗರನ್ನು ಕರೆದುಕೊಂಡು ಅಪ್ಪ ಅಮ್ಮ ಬರುತ್ತಾರೆ, ಅದಕ್ಕೆ ಚಿಕಿತ್ಸೆ ಅವರಿಗೆ ಗೊತ್ತು. ಏರಿಸಿಕೊಡಿ ಅಂತ ಬಂದವಳು ನಾನೇ ಮೊದಲಿರಬೇಕು. ಫೀಸ್ ಕೊಟ್ಟು ಎದ್ದು ಬಂದೆ. ಎರಡನೆಯವರು ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. 1965ರಲ್ಲಿ ಶುರುವಾದ ಸಂಸ್ಥೆ ಅದು. ನಮ್ಮ ರಾಜ್ಯದಲ್ಲೇ ಅಂಥದ್ದೊಂದು ಇರುವುದು ನಮ್ಮ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಅದಕ್ಕೇ ಹೆಸರು ಹೇಳಿದೆ. ಯಾರ ಹತ್ತಿರ ಹೋದರೂ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಇದೆಯಾ ಅಂತ ಕೇಳಿ. ಕೇಳಿದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲ ದಿನ ಅವರು ನನ್ನ ಕೈಯಿಂದ ಮೊಬೈಲ್ ಇಸಕೊಂಡು ಮೇಜಿನ ಮೇಲೆ ಬೋರಲು ಹಾಕಿದರು. "ಪಿಸುಗುಟ್ಟಿ" ಅಂದರು. ಪಿಸುಮಾತಿನಲ್ಲಿ ಧ್ವನಿತಂತು ನಡುಗುವುದೇ ಇಲ್ಲ, ಹಾಗಾಗಿ ಪಿಚ್ಚೂ ಇಲ್ಲ, ಹರ್ಟ್ಜ್ ಲೆಕ್ಕವೂ ಇಲ್ಲ. ನಾನು "ಹಾ" ಅಂತ ಪಿಸುಗುಟ್ಟಿದೆ, ಆಮೇಲೆ ಅವರು ಪಿಸುಗುಟ್ಟಿದರು. ಪಿಚ್ ಇಲ್ಲದಿದ್ದರೂ ಅವರದು ಹೆಣ್ಣು, ನನ್ನದು ಗಂಡು ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು! ಎಂಟು ತಿಂಗಳು ನಾನು ಹುಡುಕುತ್ತಿದ್ದ ಉತ್ತರ ಆ ಒಂದು ನಿಮಿಷದಲ್ಲಿ ಸಿಕ್ಕಿತು. ಅದೇ ರೆಸೊನೆನ್ಸ್, ಅಂದರೆ ದನಿ ಗಂಟಲು ಬಾಯಿಯೊಳಗೆ ಮೊಳಗುವ ರೀತಿ. ಗಂಟಲಿನಿಂದ ತುಟಿಯವರೆಗಿನ ಕೊಳವೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್, ಹೆಂಗಸರಲ್ಲಿ 14-15. ಉದ್ದ ಕೊಳವೆಯಲ್ಲಿ ದನಿ ದಪ್ಪಗೆ ಮೊಳಗುತ್ತದೆ. ತಂತಿಯನ್ನು ಎಷ್ಟು ಬಿಗಿ ಮಾಡಿದರೂ ವೀಣೆಯ ಬುರುಡೆ ಅಷ್ಟೇ ದೊಡ್ಡದಿದ್ದರೆ ನಾದ ದೊಡ್ಡದೇ ಇರುತ್ತದೆ ಅಲ್ವಾ, ಹಾಗೆ.

ನೀವೂ ಈಗಲೇ ಮಾಡಿ ನೋಡಬಹುದು. ಗಂಟಲಿನ ಉಬ್ಬಿನ ಮೇಲೆ ಬೆರಳಿಡಿ. "ಊ" ಅನ್ನಿ, ಕೆಳಗಿಳಿಯುತ್ತದೆ. "ಈ" ಅನ್ನಿ, ಮೇಲೇರುತ್ತದೆ. ತುಟಿ ದುಂಡಾದರೆ ಕೊಳವೆ ಉದ್ದ, ನಗುವಂತೆ ಅಗಲವಾದರೆ ಗಿಡ್ಡ. ಹಾಗಾಗಿ "ಇಲ್ಲೇ ಇಳೀತೀನಿ" ಅನ್ನುವ ವಾಕ್ಯ ನನಗೆ ಎರಡನೇ ವಾರವೇ ಚೆನ್ನಾಗಿ ಬಂತು. "ಊರಿಗೆ ಹೋಗೋಣ" ಬರೋಕೆ ಮೂರು ತಿಂಗಳು ಹಿಡಿಯಿತು, ಊ ಮತ್ತು ಓ ಎರಡೂ ದನಿಯನ್ನು ಕೆಳಕ್ಕೆ ಎಳೆಯುತ್ತಿದ್ದವು. ಇಂಗ್ಲಿಷ್ ವಿಡಿಯೋ ನೋಡಿ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಥೆರಪಿಸ್ಟ್ ನನ್ನಿಂದ ನಾನು ದಿನಾ ಆಡುವ ಮಾತುಗಳ ಪಟ್ಟಿ ಬರೆಸಿಕೊಂಡು ಅದನ್ನೇ ಪಾಠ ಮಾಡಿದರು. "ಅಣ್ಣಾ, ಅರ್ಧ ಕೆಜಿ ಟೊಮೇಟೊ." "ಒಂದು ಕೊತ್ತಂಬರಿ ಕಟ್ಟು ಹಾಕಿ." "ವಿಜಯನಗರ."

ಪಿಚ್ಚನ್ನು ಅವರು ಇಳಿಸಿದರು. 210ರಿಂದ 180ಕ್ಕೆ. ಮೊದಲು ನನಗೆ ಸಿಟ್ಟೇ ಬಂತು, ಅಷ್ಟು ಕಷ್ಟಪಟ್ಟು ಏರಿಸಿದ್ದನ್ನು ಇಳಿಸು ಅಂದರೆ! ಆದರೆ 180ರಲ್ಲಿ ಗಂಟಲು ಬಿಗಿಯುತ್ತಿರಲಿಲ್ಲ, ಹಗುರವಾಗಿ ಹಿಡಿದರೆ ಇಡೀ ದಿನ ಮಾತಾಡಬಹುದಿತ್ತು. ಸ್ಟೀಲ್ ಲೋಟದಲ್ಲಿ ನಾಲ್ಕು ಬೆರಳು ನೀರು, ಅದರಲ್ಲಿ ಎಳನೀರಿನ ಸ್ಟ್ರಾ, ಗುಳುಗುಳು ಅನ್ನಿಸುತ್ತಾ ದನಿ ಏರಿಸಿ ಇಳಿಸುವುದು. ಬೆಳಿಗ್ಗೆ ಐದು ನಿಮಿಷ, ಆಫೀಸಿನಿಂದ ಬಂದ ಮೇಲೆ ಐದು ನಿಮಿಷ. ಹಿಂದೆ ಆಗುತ್ತಿದ್ದ ಉರಿ ಒಂದು ತಿಂಗಳಲ್ಲಿ ನಿಂತಿತು. ನೋವಾದರೆ ಆವತ್ತಿಗೆ ನಿಲ್ಲಿಸಿ, ಎರಡು ಮೂರು ವಾರವಾದರೂ ದನಿ ಕಟ್ಟಿಕೊಂಡೇ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ ಅಂತ ಗಟ್ಟಿಯಾಗಿ ಹೇಳಿದರು. ನಾನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಅವರ ಜೊತೆ ವಾದ ಮಾಡಿದೆ. ಮೆತ್ತಗೆ ಮಾತಾಡಿ, ವಾಕ್ಯದ ಕೊನೆ ಸ್ವಲ್ಪ ಎಳೆಯಿರಿ ಅಂದರು. ನಮ್ಮ ಅತ್ತೆ ಹೊಲದ ಆ ಬದುವಿನಿಂದ ಕೂಗಿದರೆ ಈ ಬದುವಿಗೆ ಕೇಳುತ್ತದೆ, ಅದು ಹೆಣ್ಣಿನ ದನಿಯೇ. ನನಗೆ ಬೇಕಾಗಿದ್ದು ಅತ್ತೆಯ ದನಿ, ನಾಚಿಕೊಳ್ಳುವ ದನಿಯಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಜೋರು ದನಿಯನ್ನೇ ಕಲಿಯೋಣ, ಆದ್ರೆ ಅದು ಜಾಸ್ತಿ ಕಷ್ಟ" ಅಂದರು. ಅವರು ಹೇಳಿದ್ದು ನಿಜವಾಯಿತು.

ಆಪರೇಷನ್ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ, ಮಾಡಿಸಿಕೊಳ್ಳದ ವಿಷಯದಲ್ಲಿ ಜಾಸ್ತಿ ಮಾತಾಡಬಾರದು. ಡಾಕ್ಟರ್ ಮೂಗಿನಿಂದ ಕ್ಯಾಮೆರಾ ಇಳಿಸಿ, ಮಿನುಗುವ ಬೆಳಕಿನಲ್ಲಿ ನನ್ನ ಧ್ವನಿತಂತುಗಳನ್ನು ಪರದೆ ಮೇಲೆ ತೋರಿಸಿದರು. ಬಿಳೀ ಎರಡು ಎಳೆ, ನಿಧಾನಕ್ಕೆ ಸೇರಿ ಬಿಡುತ್ತಿದ್ದವು. ಇಷ್ಟು ವರ್ಷ ನಾನು ಬೈದುಕೊಂಡ ಜಾಗ ಅಷ್ಟು ಪುಟ್ಟದು, ಅಷ್ಟು ನಾಜೂಕು. ಜರ್ಮನಿಯ ವೆಂಡ್ಲರ್ 1990ರಲ್ಲಿ ತೋರಿಸಿದ ವಿಧಾನದಲ್ಲಿ ಆ ಎಳೆಗಳ ಮುಂಭಾಗವನ್ನು ಹೊಲಿದು ನಡುಗುವ ಉದ್ದವನ್ನು ಕಡಿಮೆ ಮಾಡುತ್ತಾರೆ. ಪಿಚ್ ಏರುತ್ತದೆ, ಕೆಳಗಿನ ದನಿ ಹೋಗುತ್ತದೆ, ಜೋರು ಕಡಿಮೆಯಾಗಬಹುದು, ಮೊದಲ ಕೆಲವು ದಿನ ಮಾತೇ ಆಡಬಾರದು. ರೆಸೊನೆನ್ಸ್ ಬದಲಾಗುವುದಿಲ್ಲ, ಹಾಗಾಗಿ ಥೆರಪಿ ಹೇಗೂ ಬೇಕು. ಗಂಟಲಿನ ಉಬ್ಬು ಕೆರೆಸುವುದು ಬೇರೆಯೇ ಆಪರೇಷನ್, ಅದರಿಂದ ದನಿ ಏರುವುದಿಲ್ಲ, ಇವೆರಡನ್ನೂ ಒಂದೇ ಅಂದುಕೊಂಡವರಿದ್ದಾರೆ. ನನ್ನ ಗೆಳತಿಯೊಬ್ಬಳು ಹೊಲಿಸಿಕೊಂಡಿದ್ದಾಳೆ, ಕೆಮ್ಮಿದರೂ ಸೀನಿದರೂ ಹಳೇ ದನಿ ಬರುವುದಿಲ್ಲ ಅನ್ನುವ ನೆಮ್ಮದಿ ಅವಳಿಗಿದೆ. ಆ ನೆಮ್ಮದಿ ನನಗಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಜೋರು ದನಿ ಕಳೆದುಕೊಳ್ಳೋಕೆ ನನಗೆ ಮನಸ್ಸಾಗಲಿಲ್ಲ.

ದುಡ್ಡಿನ ಲೆಕ್ಕ: ಆ್ಯಪ್‌ಗೆ ಏನೂ ಇಲ್ಲ. ಸಂಗೀತಕ್ಕೆ ತಿಂಗಳಿಗೆ 1,200. ಥೆರಪಿಗೆ ಸಿಟ್ಟಿಂಗ್‌ಗೆ 900ರಂತೆ ಹತ್ತಕ್ಕೆ 9,000. ನಿಮ್ಮ ಹತ್ತಿರ ಮೂರು ಸಾವಿರ ಮಾತ್ರ ಇದ್ದರೆ ಮೂರು ಸಿಟ್ಟಿಂಗ್‌ಗೆ ಹೋಗಿ, ಅದೂ ಎಲ್ಲಕ್ಕಿಂತ ಮೊದಲು, ಏನೂ ಕಲಿಯುವ ಮುಂಚೆ. ನನ್ನ ಮೊದಲ ನಾಲ್ಕು ಸಿಟ್ಟಿಂಗ್ ಪೂರ್ತಿ ಆ್ಯಪ್‌ನಿಂದ ಅಂಟಿದ ಬಿಗಿತ ಬಿಡಿಸೋಕೇ ಹೋಯಿತು. ಆಮೇಲೆ ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡು ಮುಂದುವರಿಸಬಹುದು, ಅದಕ್ಕೆ ಆ್ಯಪ್ ಚೆನ್ನಾಗಿದೆ. ಸಂಗೀತಕ್ಕೆ ನಾನು ಮತ್ತೆ ಸೇರಿದ್ದೇನೆ, ದನಿಗಾಗಿ ಅಲ್ಲ, ಟೀಚರ್‌ಗಾಗಿ.

ಈಗ ಫೋನಿನಲ್ಲಿ ಹತ್ತಕ್ಕೆ ಎಂಟು ಸಲ ಮೇಡಂ ಅನ್ನುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಬರುವ ಫೋನ್ ಇನ್ನೂ ಎತ್ತುವುದಿಲ್ಲ, ಒಂದು ಲೋಟ ನೀರು ಕುಡಿದು ಸ್ಟ್ರಾ ಮುಗಿಸಿ ನಾನೇ ವಾಪಸ್ ಮಾಡುತ್ತೇನೆ. ಬಾಕಿ ಉಳಿದಿರುವುದು ಕೂಗು. ಮೊನ್ನೆ ರಸ್ತೆಯ ಆ ಕಡೆ ಹೋಗುತ್ತಿದ್ದ ಆಟೋಗೆ "ಅಣ್ಣಾ, ಆಟೋ!" ಅಂತ ಕೂಗಿದೆ. ಮೊದಲ ಪದ ನನ್ನ ದನಿಯಲ್ಲೇ ಬಂತು, ಎರಡನೆಯದು ಆ ಮತ್ತು ಓಗೆ ಸಿಕ್ಕಿ ಕೆಳಗೆ ಬಿತ್ತು. ಈ ವಾರದ ಪಾಠ ಅದೇ ಪದ. ಸಂಜೆ ಟೆರೇಸಿಗೆ ಹೋಗಿ ದಿನಕ್ಕೆ ಇಪ್ಪತ್ತು ಸಲ ಕೂಗುತ್ತಿದ್ದೇನೆ.